ಜೂನ್ ತಿಂಗಳ ಮಾತು

ಗುಲಾಬಿ ಕೇಳಲು ಬಂದದ್ದು ಒಂದೇ ಮಾತು. ಆ ದಿನ ಸೈರನ್ ಕೂಗಿತ್ತೋ, ಇಲ್ಲವೋ.

ಉರ್ವ ಮಾರುಕಟ್ಟೆಯ ಹಿಂದೆ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮೋಹನದಾಸರ ಸಾಫ್ಟ್‌ವೇರ್ ಕಂಪೆನಿ. ಜನ ಹೆಚ್ಚಿಲ್ಲ. ಐಸ್ ಪ್ಲಾಂಟ್‌ಗಳಲ್ಲಿ ಅಮೋನಿಯ ಗ್ಯಾಸ್ ಸೋರಿದರೆ ಪತ್ತೆ ಹಚ್ಚಿ ಸೈರನ್ ಕೂಗಿಸುವ ಪ್ರೋಗ್ರಾಮ್ ಅವರದ್ದು. ಗುಲಾಬಿ ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟು ಬಂದಿದ್ದಳು. ಕುಳಿತುಕೊಳ್ಳಿ ಎಂದಾಗ ಕುರ್ಚಿಯ ಅಂಚಿನಲ್ಲಿ ಕುಳಿತಳು. ಹಾಗೆ ಕುಳಿತವರು ಚಹಾ ಕುಡಿಯುವುದಿಲ್ಲ ಎಂದು ಮೋಹನದಾಸರಿಗೆ ಗೊತ್ತಿತ್ತು. ಆದರೂ ತರಿಸಿದರು.

"ನಾನು ಮಾಯಿಲಪ್ಪನ ಹೆಂಡತಿ" ಎಂದಳು. "ಪಣಂಬೂರಿನ ಕಡೆ ಹೊಸ ಐಸ್ ಪ್ಲಾಂಟ್ ಉಂಟಲ್ಲ, ಅಲ್ಲಿಯ ಆಪರೇಟರ್."

"ಗೊತ್ತುಂಟು ಅಕ್ಕ. ಕಣ್ಣು ಹೇಗುಂಟು ಈಗ?"

"ಒಂದು ಹೋಯಿತು. ಇನ್ನೊಂದು ನೋಡುವ ಅಂತಾರೆ ಡಾಕ್ಟರ್."

ಮೋಹನದಾಸರು ತಲೆ ತಗ್ಗಿಸಿದರು. ಅದು ನಾಟಕವಾಗಿರಲಿಲ್ಲ.

"ಪ್ಲಾಂಟಿನ ಧಣಿಗಳು ಹೇಳ್ತಾರೆ, ಸೈರನ್ ಬಂದ್ ಮಾಡಿದ್ದು ಇವರೇ ಅಂತೆ. ಅದಕ್ಕೇ ಲೋಡಿಂಗಿನ ಮುದ್ದು ಸತ್ತದ್ದು ಅಂತೆ. ಇವರು ಹೇಳುದು ಅದು ಕೂಗಲೇ ಇಲ್ಲ ಅಂತ. ಅದನ್ನು ಕೂಗಿಸುದು ನಿಮ್ಮ ಕಂಪ್ಯೂಟರ್ ಅಲ್ವಾ ಸರ್? ಅದಕ್ಕೆ ಗೊತ್ತಿರ್ತದೆ. ಒಂದು ಸಲ ಕೇಳಿ ನೋಡಿ."

"ಪ್ಲಾಂಟಿನಲ್ಲಿ ಎಲ್ಲ ದಾಖಲಾಗುವ ಪೆಟ್ಟಿಗೆ ನೀರು ಹೊಡೆದು ಹಾಳಾಗಿದೆ ಅಕ್ಕ. ಗ್ಯಾಸ್ ಅಡಗಿಸ್ಲಿಕ್ಕೆ ನೀರು ಹೊಡೆಯಲೇ ಬೇಕು. ಆದ್ರೂ ನೋಡುವ."

"ಕೇಸು ಆಗ್ತದೆ ಅಂತಾರೆ. ಅದು ಆಗಲಿ. ಮುದ್ದುವಿನ ಅಮ್ಮ ನಮ್ಮ ಹಿಂದಿನ ಮನೆ. ಒಂದೇ ನೀರಿನ ನಳ್ಳಿ ನಮಗೆ. ಬೆಳಿಗ್ಗೆ ನಾನು ಕೊಡಪಾನ ತೆಗೊಂಡು ಹೋದ್ರೆ ಅವರು ತುಂಬದ ಕೊಡಪಾನ ಎತ್ತಿಕೊಂಡು ಒಳಗೆ ಹೋಗ್ತಾರೆ." ಗುಲಾಬಿ ಚಹಾದ ಲೋಟವನ್ನು ಸ್ವಲ್ಪ ಆಚೆ ಸರಿಸಿದಳು. "ಇವರು ಮಾಡಿದ್ದು ಹೌದಾದರೆ ಹೌದು ಅಂತ ಹೇಳಿ. ನಾನು ಅಲ್ಲಿಗೇ ಹೋಗಿ ಕಾಲು ಹಿಡಿತೇನೆ. ಅಲ್ಲ ಅಂತಾದ್ರೆ ಅದನ್ನೂ ಹೇಳಿ."

ಕಿಟಕಿಯ ಪಕ್ಕದ ಮೇಜಿನಲ್ಲಿ ಜುವೈರಿಯಾ ಇದ್ದಳು. ಕಾಟಿಪಳ್ಳದ ಹುಡುಗಿ, ಕೆಲಸಕ್ಕೆ ಸೇರಿ ವರ್ಷ ಕಳೆದಿರಲಿಲ್ಲ. ಹೊಸ ಪ್ಲಾಂಟಿನ ಪ್ರೋಗ್ರಾಮ್ ಅವಳದ್ದು. ಅವಳು ಪರದೆಯ ಮೇಲಿನ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತ, ಗುಲಾಬಿ ಮೆಟ್ಟಿಲಿಳಿದು ಹೋಗುವವರೆಗೂ ತಿರುಗಿ ನೋಡಲಿಲ್ಲ.

ಆ ದಿನ ನಡೆದದ್ದರಲ್ಲಿ ಇಷ್ಟು ಎಲ್ಲರೂ ಒಪ್ಪುವ ಮಾತು. ಕಂಪ್ರೆಸರ್ ಕೋಣೆಯಲ್ಲಿ ಪೈಪಿನ ಸಂದಿಯಿಂದ ಅಮೋನಿಯ ಸೋರಲು ಶುರುವಾಯಿತು. ಐಸ್ ಪ್ಲಾಂಟಿನಲ್ಲಿ ದುಡಿಯುವವರ ಮೂಗು ಆ ವಾಸನೆಗೆ ಒಗ್ಗಿ ಹೋಗಿರುತ್ತದೆ, ಸ್ವಲ್ಪ ಹೆಚ್ಚಾದರೆ ತಿಳಿಯುವುದಿಲ್ಲ. ಸೈರನ್ ಇಡುವುದು ಅದಕ್ಕಾಗಿಯೇ. ಲೋಡಿಂಗ್ ಕೆಲಸದ ಮುದ್ದು ಆ ಕೋಣೆಯ ಬಾಗಿಲಿಗೆ ಒರಗಿ ಊಟದ ನಂತರ ಕಣ್ಣು ಮುಚ್ಚಿದ್ದ. ಅವನು ಏಳಲಿಲ್ಲ. ಬಿಳಿ ಆವಿ ಕಂಡು ಮಾಯಿಲಪ್ಪ ಆಚೆ ಬದಿಯಿಂದ ಓಡಿ ಬಂದು ಮೇನ್ ಸ್ವಿಚ್ ಎಳೆದ. ಸೋರಿಕೆಯಾದಾಗ ಮೊದಲು ಕಂಪ್ರೆಸರ್ ನಿಲ್ಲಿಸಬೇಕು, ಅವನಿಗೆ ಕಲಿಸಿದ್ದು ಹಾಗೆಯೇ. ಅವನು ಸ್ವಿಚ್ಚಿನ ಮೇಲೆ ಕೈ ಇಟ್ಟದ್ದನ್ನು ಅಂಗಳದಲ್ಲಿದ್ದವರು ನೋಡಿದರು. ನಂತರ ಮುದ್ದುವನ್ನು ಎಳೆದು ತರಲು ಹೋದಾಗ ಕಣ್ಣಿಗೆ ಗ್ಯಾಸ್ ಹೊಡೆಯಿತು. ಸೈರನ್ ಮಾತ್ರ ಯಾರಿಗೂ ಕೇಳಿರಲಿಲ್ಲ. ಸೈರನ್ ಇಲ್ಲ, ಸ್ವಿಚ್ಚಿನ ಮೇಲೆ ಕೈ ಇತ್ತು. ಜನ ಎರಡನ್ನೂ ಸೇರಿಸಿಕೊಂಡರು. ಎರಡು ದಿನದಲ್ಲಿ ಬಂದರಿನವರೆಗೂ ಅದೇ ಸುದ್ದಿ.

ಜುವೈರಿಯಾ ಓದುತ್ತಿದ್ದ ಸಾಲು ಹೀಗಿತ್ತು: ಕಂಪ್ರೆಸರ್ ಕೋಣೆಯ ಬಾಗಿಲ ಸೆನ್ಸರ್ ಗ್ಯಾಸ್ ತೋರಿಸಿದರೆ ಸೈರನ್ ಕೂಡಲೇ ಕೂಗಬಾರದು, ಹಾಲ್‌ನ ಸೆನ್ಸರ್ ಕೂಡ ತೋರಿಸುವವರೆಗೆ ಕಾಯಬೇಕು. ಹೊಸ ಪ್ಲಾಂಟಿನಲ್ಲಿ ಹಾಲ್ ಇರುವುದು ಕಟ್ಟಡದ ಇನ್ನೊಂದು ತುದಿಯಲ್ಲಿ. ಗ್ಯಾಸ್ ಅಲ್ಲಿಗೆ ಮುಟ್ಟುವ ಮೊದಲೇ ಮಾಯಿಲಪ್ಪ ಕರೆಂಟ್ ತೆಗೆದಿದ್ದ. ಆ ಮೇಲೆ ಕೂಗಲು ಸೈರನ್‌ಗೆ ಜೀವವೇ ಇರಲಿಲ್ಲ.

ಸಾಲು ಅವಳ ಹೆಸರಿನಲ್ಲಿತ್ತು. ಆದರೆ ಅದು ಅವಳ ತಲೆಯಿಂದ ಬಂದದ್ದಲ್ಲ.

ಈ ಕಂಪೆನಿಯಲ್ಲಿ ಈಗ ಯಾರೂ ಪ್ರೋಗ್ರಾಮನ್ನು ಸಾಲುಸಾಲಾಗಿ ಕೈಯಲ್ಲಿ ಬರೆಯುತ್ತಿರಲಿಲ್ಲ. ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಒಂದು ಎಐ ಅಸಿಸ್ಟೆಂಟ್; ಬೇಕಾದ್ದನ್ನು ಅದಕ್ಕೆ ಹೇಳುವುದು, ಅದು ಬರೆದದ್ದನ್ನು ನೋಡಿ ಒಪ್ಪುವುದು. ಮೊದಮೊದಲು ಅದು ದಿನ ಬೆಳಗಾದರೆ ಎಲ್ಲವನ್ನೂ ಮರೆಯುತ್ತಿತ್ತು. ಒಬ್ಬರು ಹೇಳಿಕೊಟ್ಟದ್ದು ಇನ್ನೊಬ್ಬರ ಅಸಿಸ್ಟೆಂಟಿಗೆ ತಿಳಿಯುತ್ತಿರಲಿಲ್ಲ. ಹಿರಿಯ ಪ್ರೋಗ್ರಾಮರ್ ನಿಯಾಝ್ ಅದಕ್ಕೊಂದು ದಾರಿ ಮಾಡಿದ. ಕಚೇರಿಯಲ್ಲಿ ಯಾರು ಅಸಿಸ್ಟೆಂಟಿನ ಜೊತೆ ಏನು ಮಾತಾಡಿದರೂ ಒಂದೇ ಕಡೆ ಸೇರುವಂತೆ, ಯಾರದ್ದೇ ಅಸಿಸ್ಟೆಂಟ್ ಆದರೂ ಅದರಲ್ಲಿ ಹುಡುಕಿ ಉತ್ತರ ಕೊಡುವಂತೆ. ಕಚೇರಿಯವರು ಅದನ್ನು ಕಪಾಟು ಎಂದು ಕರೆಯುತ್ತಿದ್ದರು. ಮುಖೇಶ್ ಎಂಬವನು ಕೆಲಸ ಬಿಟ್ಟು ದುಬೈಗೆ ಹೋದಾಗ ಮೋಹನದಾಸರು ನಕ್ಕು, "ಅವನು ಹೋದ್ರೆ ಎಂತ, ಅವನ ಮಂಡೆ ಕಪಾಟಿನಲ್ಲಿ ಉಂಟು" ಎಂದಿದ್ದರು.

ಹೊಸ ಪ್ಲಾಂಟಿನ ಕೆಲಸ ಶುರುವಾದಾಗ ಜುವೈರಿಯಾ ತನ್ನ ಅಸಿಸ್ಟೆಂಟನ್ನು ಕೇಳಿದ್ದಳು, ಸೈರನ್ ಯಾವಾಗ ಕೂಗಬೇಕು ಎಂದು. ಅದು ಕಪಾಟಿನಲ್ಲಿ ಹುಡುಕಿ, ಬಾಗಿಲ ಸೆನ್ಸರ್ ಸುಳ್ಳು ಎಚ್ಚರಿಕೆ ಕೊಡುತ್ತದೆ ಎಂದು ಆಪರೇಟರ್ ದೃಢಪಡಿಸಿದ್ದಾರೆ, ಎರಡನೆಯ ಸೆನ್ಸರಿಗೆ ಕಾಯುವುದು ಸಂಸ್ಥೆಯ ರೂಢಿ ಎಂದಿತ್ತು. ಖಂಡಿತವೇ ಎಂದು ಕೇಳಿದಳು. ಹಿಂದೆ ಹಲವು ಸಲ ಇದೇ ನಿರ್ಧಾರವಾಗಿದೆ ಎಂದಿತ್ತು. ಹೊಸಬರಿಗೆ ರೂಢಿ ಎಂದರೆ ಸಾಕಾಗುತ್ತದೆ. ಅವಳು ಒಪ್ಪಿದಳು.

ಈಗ ಅವಳು ಕಪಾಟಿನೊಳಗೆ ಇಳಿದು ಮೂಲ ಮಾತುಗಳನ್ನೇ ತೆರೆದಳು. ಅವೆಲ್ಲವೂ ಮುಖೇಶನವು. ಧಣಿಗಳ ಹಳೆಯ ಪ್ಲಾಂಟಿನಲ್ಲಿ ಕೂತು ಬರೆದವು; ಮಾಯಿಲಪ್ಪ ಆಗ ಅಲ್ಲಿಯ ಆಪರೇಟರ್.

"ಈ ಬಾಗಿಲ ಸೆನ್ಸರ್ ಸುಮ್ಮನೆ ಬೊಬ್ಬೆ ಹೊಡಿತದೆ. ಆಪರೇಟರ್ ಮಾಯಿಲಪ್ಪಣ್ಣ ಹೇಳ್ತಾರೆ ಇದು ಸುಳ್ಳು ಅಂತ. ಇನ್ನೊಂದು ಸೆನ್ಸರ್ ಹೇಳಿದ್ರೆ ಮಾತ್ರ ಸೈರನ್ ಮಾಡು."

ಕೆಳಗೆ ಸಣ್ಣ ಅಕ್ಷರದಲ್ಲಿ ತಾರೀಖು. ಜೂನ್ ತಿಂಗಳು.

ಜುವೈರಿಯಾ ಕಾಟಿಪಳ್ಳದಲ್ಲಿ ಹುಟ್ಟಿದವಳು. ಕಡಲಿನ ಬಳಿ ಬೆಳೆದವರಿಗೆ ಜೂನ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಜೂನ್ ಜುಲೈಯಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಮೀನುಗಾರಿಕೆಗೆ ನಿಷೇಧ. ಮೀನಿಲ್ಲದಾಗ ಐಸ್ ಯಾರಿಗೆ ಬೇಕು? ಪ್ಲಾಂಟುಗಳು ಮುಚ್ಚಿ, ಪೈಪ್ ಬಿಚ್ಚಿ, ಹಳೆಯ ಎಣ್ಣೆ ಇಳಿಸಿ, ಪೈಂಟ್ ಹೊಡೆಯುವ ಕಾಲ. ಆಗ ಒಂದಿಷ್ಟು ಗ್ಯಾಸ್ ಹೊರಗೆ ಬರುವುದು ಇದ್ದದ್ದೇ, ಸೆನ್ಸರ್ ಕಿರುಚುವುದೂ ಇದ್ದದ್ದೇ. ಆ ಎರಡು ತಿಂಗಳು ಸೈರನ್ ಬಾಯಿ ಮುಚ್ಚಿಸದ ಪ್ಲಾಂಟ್ ಕರಾವಳಿಯಲ್ಲಿ ಕಡಿಮೆ.

ಅವಳು ಮುಖೇಶನಿಗೆ ಫೋನ್ ಮಾಡಿದಳು.

"ಅದು ನಿಷೇಧದ ಸಮಯ ಅಲ್ವಾ ಮಾರಾಯ್ತಿ" ಎಂದ ಅವನು. "ರಿಪೇರಿ ನಡಿತಾ ಇತ್ತು. ತಲೆ ಚಿಟ್ಟು ಹಿಡಿದಿತ್ತು ಆ ಸೈರನ್ ಕೇಳಿ."

"ನಿಷೇಧ ಅಂತ ನೀವು ಬರೆಯಲಿಲ್ಲ."

"ಎಂತಕ್ಕೆ ಬರೆಯುದು? ಜೂನಿನಲ್ಲಿ ಪ್ಲಾಂಟ್ ಬಂದ್ ಅಂತ ಯಾರಿಗೆ ಗೊತ್ತಿಲ್ಲ ಮಂಗಳೂರಿನಲ್ಲಿ?"

"ಆಗಸ್ಟಿನಲ್ಲಿ ಪುನಃ ಸರಿ ಮಾಡಿದ್ರಾ?"

"ಮಾಡದೆ? ಸ್ಕೂಟರಿನಲ್ಲಿ ಹೋಗಿ ಅಲ್ಲಿಯ ಪ್ಯಾನೆಲ್‌ನಲ್ಲೇ ಬದಲು ಮಾಡಿ ಬಂದೆ. ಮಾಯಿಲಪ್ಪಣ್ಣ ಎದುರಿಗೇ ಇದ್ರು. ಸ್ವಲ್ಪ ಗ್ಯಾಸ್ ಬಿಟ್ಟು ನೋಡಿದೆವು, ಕೂಗಿತು."

"ಅಸಿಸ್ಟೆಂಟಿಗೆ ಹೇಳಿದ್ರಾ?"

"ಇಲ್ಲ" ಎಂದ. ಆ ಮೇಲೆ, "ಜುವೈರಿಯಾ, ನನ್ನ ಹೆಸರು ತರಬೇಡ. ನಂಗೆ ವೀಸಾ ರಿನ್ಯೂ ಆಗ್ಲಿಕ್ಕುಂಟು" ಎಂದ.

ಬಾಯಿ ಮುಚ್ಚಿಸಿದ ಮಾತು ಕಪಾಟಿಗೆ ಹೋಗಿತ್ತು. ಬಾಯಿ ಬಿಡಿಸಿದ್ದು ಹೋಗಿರಲಿಲ್ಲ.

ಮಧ್ಯಾಹ್ನ ಅವಳು ನಿಯಾಝ್‌ನನ್ನು ಕೆಳಗೆ ಕ್ಯಾಂಟೀನಿಗೆ ಕರೆದಳು. ಅವಳನ್ನು ಈ ಕೆಲಸಕ್ಕೆ ಸೇರಿಸಿದವನು ಅವನೇ. ಅವನ ತಂಗಿ ಫರ್ಝಾನಾ ಅವಳ ಜೊತೆ ಓದಿದವಳು; ಅವಳಿಗೂ ಅವನು ಅಣ್ಣನ ಹಾಗೆ, ನಿಯಾಝಾಕ. ಅವನು ಎಲ್ಲವನ್ನೂ ಕೇಳಿದ. ಬನ್ಸ್ ಮುರಿದವನು ಬಾಯಿಗೆ ಹಾಕಲಿಲ್ಲ.

"ಅದನ್ನು ನಾನು ನಿನ್ನೆಯೇ ನೋಡಿದೆ" ಎಂದ.

"ನೋಡಿ ಸುಮ್ಮನಿದ್ರಾ ನಿಯಾಝಾಕ?"

"ಅಳಿಸ್ಲಿಕ್ಕೆ ಹೊರಟಿದ್ದೆ. ಆ ಮೇಲೆ ಅನ್ನಿಸಿತು, ಮುಖೇಶನ ಮಾತು ಅಳಿಸಿದ್ರೆ ಉಳಿಯುದು ನಿನ್ನ ಸಾಲು ಮಾತ್ರ. ಇವಳು ಇದನ್ನು ಎಲ್ಲಿಂದ ತಂದಳು ಅಂತ ಕೇಳ್ತಾರೆ. ನಿನ್ನ ಕುತ್ತಿಗೆಗೆ ಬರ್ತದೆ."

"ಹಾಗಾದ್ರೆ ಮಾಯಿಲಪ್ಪನ ಕುತ್ತಿಗೆಗೆ ಬಂದ್ರೆ ಅಡ್ಡಿಯಿಲ್ಲವಾ?"

"ಹಾಗೆ ಹೇಳಿದೆನಾ ನಾನು?"

"ಸರ್‌ಗೆ ಹೇಳುವ. ಇಬ್ಬರೂ ಹೋಗಿ ಹೇಳುವ."

ಹೇಳಿದರು. ಮೋಹನದಾಸರು ಪೂರ್ತಿ ಕೇಳಿದರು. ಮಧ್ಯೆ ಬಾಯಿ ಹಾಕಲಿಲ್ಲ, ಬೈಯಲಿಲ್ಲ. ಹಿಂದೆ ಬೋಟ್ ಎಂಜಿನ್ನಿನ ಬಿಡಿಭಾಗ ಮಾರುತ್ತಿದ್ದ ಮನುಷ್ಯ. ಕೆಟ್ಟ ಸುದ್ದಿಯನ್ನು ಮೊದಲು ಕೈಯಲ್ಲಿ ಹಿಡಿದು ತೂಗಿ ನೋಡುವ ಅಭ್ಯಾಸ.

"ಜುವೈರಿಯಾ, ನಿನ್ನದು ತಪ್ಪಿಲ್ಲ ಮಗ" ಎಂದರು. "ಮುಖೇಶನದ್ದೂ ಇಲ್ಲ. ಆದ್ರೆ ಈ ಮಾತು ಹೊರಗೆ ಹೋದ್ರೆ ನಾಳೆ ಯಾವ ಪ್ಲಾಂಟಿನವ ನಮ್ಮ ಸೈರನ್ ಇಡ್ತಾನೆ? ನೀವು ಇಷ್ಟು ಜನ ಎಲ್ಲಿಗೆ ಹೋಗ್ತೀರಿ?"

"ಆದ್ರೆ ಸರ್, ಅವರು ಬಂದ್ ಮಾಡಲಿಲ್ಲ."

"ನೀನು ಅಲ್ಲಿ ಇದ್ಯಾ? ನಾನೂ ಇರಲಿಲ್ಲ. ಇದ್ದವರು ಎಂತ ಹೇಳ್ತಾರೆ? ಅವನ ಕೈ ಸ್ವಿಚ್ಚಿನ ಮೇಲೆ ಇತ್ತು ಅಂತ. ಸೈರನ್ ಬಾಯಿಗೆ ಗೋಣಿ ತುರುಕುವ ಆಪರೇಟರುಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಏನೂ ಅಳಿಸಬೇಡಿ. ಅಳಿಸುದು ತಪ್ಪು." ಇಷ್ಟು ಹೇಳಿ ಅವರು ಇಬ್ಬರನ್ನೂ ಕಳಿಸಿದರು.

ಆ ಮೇಲೆ ಅವರು ಮಾಡಿದ್ದನ್ನು ಸುಳ್ಳು ಎಂದು ಹಿಡಿದು ತೋರಿಸುವುದು ಕಷ್ಟ. ಮೋಹನದಾಸರು ಅಸಿಸ್ಟೆಂಟನ್ನು ಮುಟ್ಟುತ್ತಿದ್ದದ್ದೇ ಅಪರೂಪ. ಈಗ ದಿನವೂ ಅದರ ಮುಂದೆ ಕುಳಿತರು. ಒಂದೇ ಬೆರಳಿನಲ್ಲಿ ಟೈಪ್ ಮಾಡುವರು. ಹೊಸ ಪ್ಲಾಂಟಿನ ಆಪರೇಟರ್ ಸೈರನ್ ಬಂದ್ ಮಾಡಿದ್ದರಿಂದ ಆದ ಅಪಘಾತದ ಬಗ್ಗೆ ಬೇರೆ ಗಿರಾಕಿಗಳಿಗೆ ಹೇಗೆ ತಿಳಿಸುವುದು? ಆಪರೇಟರ್ ಮಾಯಿಲಪ್ಪ ಮಾಡಿದಂತೆ ಬೇರೆಯವರು ಮಾಡದ ಹಾಗೆ ಸ್ವಿಚ್ಚಿಗೆ ಬೀಗ ಹಾಕಬಹುದೇ? ಮಾಯಿಲಪ್ಪನಿಗೆ ಈ ಅಭ್ಯಾಸ ಮೊದಲೇ ಇತ್ತು, ಅಂಥವರಿಗೆ ತರಬೇತಿ ಕೊಡುವುದು ಹೇಗೆ? ಎಲ್ಲವೂ ಸಭ್ಯ ಪ್ರಶ್ನೆಗಳು. ಅಸಿಸ್ಟೆಂಟ್ ಪ್ರತಿಯೊಂದಕ್ಕೂ ಸಭ್ಯವಾಗಿ ಉತ್ತರಿಸಿತು. ಪ್ರಶ್ನೆಯೂ ಉತ್ತರವೂ ಕಪಾಟಿಗೆ ಹೋದವು.

ಉಳಿದವರಿಗೂ ಕುತೂಹಲ. ಅವರೂ ತಮ್ಮ ತಮ್ಮ ಅಸಿಸ್ಟೆಂಟನ್ನು ಕೇಳಿದರು, ಮಾಯಿಲಪ್ಪ ಸೈರನ್ ಬಂದ್ ಮಾಡಿದ್ದು ಹೌದಾ ಎಂದು. ಅದು ಹೌದು ಎಂದಿತು. ಆ ಮಾತೂ ಒಳಗೆ ಹೋಯಿತು. ಜುವೈರಿಯಾ ಕೂಡ ಒಮ್ಮೆ, ಮಾಯಿಲಪ್ಪ ಬಂದ್ ಮಾಡಿದ ಎನ್ನಲು ಆಧಾರ ಏನು ಎಂದು ಕೇಳಿದಳು. ಸಂಸ್ಥೆಯ ಹಲವು ಸಂಭಾಷಣೆಗಳಲ್ಲಿ ಇದು ಬಂದಿದೆ ಎಂದು ಅದು ಹೇಳಿತು. ಹೀಗೆ ಕೇಳಿದ್ದಕ್ಕೆ ಅವಳ ಸಂಭಾಷಣೆಯೂ ಆ ಹಲವುಗಳಲ್ಲಿ ಒಂದಾಯಿತು.

"ಹೊಸತು, ಮತ್ತೆ ಮತ್ತೆ ಬಂದದ್ದು, ಅದಕ್ಕೆ ಹೆಚ್ಚು ಬೆಲೆ. ನಾನೇ ಹಾಗೆ ಮಾಡಿದ್ದು" ಎಂದ ನಿಯಾಝ್, ಅವಳು ಕೇಳುವ ಮೊದಲೇ. "ಹಳೇ ಮಾತು ಮೇಲೆ ಬಂದು ತೊಂದರೆ ಮಾಡಬಾರದು ಅಂತ."

"ಈಗ ಬದಲು ಮಾಡ್ಲಿಕ್ಕೆ ಆಗುದಿಲ್ಲವಾ?"

"ಸರ್ ಪಾಸ್‌ವರ್ಡ್ ತೆಗೊಂಡಿದ್ದಾರೆ" ಎಂದು ಅವನು ಆಚೆ ನೋಡಿದ. ಪಾಸ್‌ವರ್ಡ್ ಕೇಳಿದಾಗ ಕೊಡದೆ ಇರಬಹುದಿತ್ತು ಎಂದು ಅವಳು ಹೇಳಲಿಲ್ಲ. ಅವನಿಗೆ ಅದು ಗೊತ್ತಿತ್ತು.

ಮರುವಾರ ತನಿಖೆಯವರು ಕಂಪೆನಿಯ ತಾಂತ್ರಿಕ ವರದಿ ಕೇಳಿದರು. ಅಸಿಸ್ಟೆಂಟೇ ಬರೆಯಿತು. ಚೊಕ್ಕ ಬರವಣಿಗೆ. ಎರಡು ಸೆನ್ಸರಿಗೆ ಕಾಯುವುದು ಸಂಸ್ಥೆಯ ಬಹುಕಾಲದ ಸುರಕ್ಷಾ ರೂಢಿ. ಆಪರೇಟರ್ ಸೈರನ್ ವ್ಯವಸ್ಥೆಯನ್ನು ಕೈಯಾರೆ ಬಂದ್ ಮಾಡಿದ್ದರಿಂದ ಎಚ್ಚರಿಕೆ ಹೊರಡಲಿಲ್ಲ. ಅವರಿಗೆ ಈ ಅಭ್ಯಾಸ ಹಿಂದಿನಿಂದಲೂ ಇತ್ತೆಂದು ಸಂಸ್ಥೆಯ ದಾಖಲಿತ ಸಂಭಾಷಣೆಗಳಿಂದ ತಿಳಿಯುತ್ತದೆ. ಮೋಹನದಾಸರು ಅದನ್ನು ಜುವೈರಿಯಾಳ ಮೇಜಿನ ಮೇಲೆ ಇಟ್ಟು ಪೆನ್ನನ್ನೂ ಪಕ್ಕದಲ್ಲಿಟ್ಟರು.

"ಇದು ನಾನು ಬರೆದದ್ದಲ್ಲ" ಎಂದರು. "ಎಲ್ಲರ ಮಾತೂ ನೋಡಿ ಅದೇ ಬರೆದದ್ದು. ನೀನು ಓದಿ ಸೈನ್ ಹಾಕು."

ಅವಳು ಓದಿದಳು. "ನಾನು ಹಾಕುದಿಲ್ಲ ಸರ್."

"ಯೋಚನೆ ಮಾಡು. ಇದರಲ್ಲಿ ನಿನಗೆ ಒಂದು ಗೆರೆ ಬೀಳುದಿಲ್ಲ."

"ಹಾಕುದಿಲ್ಲ ಸರ್."

ಅವರು ಕಾಗದವನ್ನು ಎತ್ತಿಕೊಂಡು ನಿಯಾಝ್‌ನ ಮೇಜಿಗೆ ಹೋದರು. ಅವನು ತಲೆ ಎತ್ತದೆ ಸೈನ್ ಹಾಕಿದ.

ಜುವೈರಿಯಾ ಬ್ಯಾಗ್ ತೆಗೆದುಕೊಂಡು ಹೊರಟಳು. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಒಂದೇ ಧೈರ್ಯ: ಯಾರು ಏನು ಬರೆದರೂ ಮಾಯಿಲಪ್ಪನಿಗೆ ಗೊತ್ತಿದೆ, ಅದು ಕೂಗಲಿಲ್ಲ ಎಂದು. ಅವನು ಅಷ್ಟನ್ನು ಬಿಡದೆ ಹೇಳುತ್ತಿದ್ದರೆ ತಾನೂ ಪಕ್ಕದಲ್ಲಿ ನಿಂತು ಹೇಳಬಹುದು.

ವಾರ್ಡಿನ ಕೊನೆಯ ಮಂಚದಲ್ಲಿ ಅವನು ಎದ್ದು ಕುಳಿತಿದ್ದ. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಗುಲಾಬಿ ಗಂಜಿಯ ಡಬ್ಬಿ ತೊಳೆದು ತರಲು ಹೋಗಿದ್ದಳು. ಜುವೈರಿಯಾ ತನ್ನ ಹೆಸರು ಹೇಳಿದಳು, ಕಂಪೆನಿಯ ಹೆಸರನ್ನೂ ಹೇಳಿದಳು.

"ಕೂತ್ಕೊ ಮಗಾ" ಎಂದ. "ಪೊಲೀಸಿನವರು ಈಗ ಹೋದ್ರಷ್ಟೆ. ಹೇಳಿ ಮುಗಿಸಿದೆ."

"ಎಂತ ಹೇಳಿದ್ರಿ?"

"ನಾನೇ ಬಂದ್ ಮಾಡಿರಬೇಕು ಅಂತ."

"ಮೊದಲು ಹಾಗೆ ಹೇಳ್ತಿರಲಿಲ್ಲವಲ್ಲ ಅಣ್ಣ."

"ಮೊದಲು ಹೇಳ್ತಿರಲಿಲ್ಲ. ಆ ಮೇಲೆ ಬಂದವರೆಲ್ಲ ಅದನ್ನೇ ಹೇಳಿದ್ರು. ಧಣಿಗಳ ಜನ ಹೇಳಿದ್ರು, ಲೋಡಿಂಗಿನವರು ಹೇಳಿದ್ರು, ಈಗ ನಿಮ್ಮ ಕಂಪೆನಿಯ ಕಂಪ್ಯೂಟರೂ ಹೇಳ್ತದಂತೆ. ಕಣ್ಣು ಕಟ್ಟಿ ಕೂತರೆ ಬೇರೆ ಎಂತ ಕೆಲಸ, ಯೋಚನೆ ಮಾಡುದೇ. ಯೋಚನೆ ಮಾಡಿದ್ರೆ ನಂಗೂ ಕಾಣ್ತದೆ. ನನ್ನ ಕೈ, ಸ್ವಿಚ್ಚು. ಸೈರನ್ ಕೂಗ್ತಾ ಉಂಟು, ನಾನು ಬಂದ್ ಮಾಡ್ತೇನೆ. ಸರಿಯಾಗಿ ಕಾಣ್ತದೆ."

"ಅಲ್ಲಿ ಪೈಂಟಿನ ವಾಸನೆ ಉಂಟಾ?" ಎಂದು ಕೇಳಿದಳು ಜುವೈರಿಯಾ.

"ಎಂತ?"

"ನಿಮಗೆ ಕಾಣ್ತದೆ ಅಂದ್ರಲ್ಲ. ಆಗ ಪೈಂಟ್ ಹೊಡಿತಾ ಇದ್ರಾ?"

ಅವನು ಮುಖವನ್ನು ಸ್ವಲ್ಪ ಮೇಲೆ ಮಾಡಿದ. "ಹೊಡಿತಾ ಇದ್ರು" ಎಂದ.

"ಅದು ಜೂನ್ ಅಣ್ಣ. ಹಳೇ ಪ್ಲಾಂಟ್. ಈಗ ಆದದ್ದಲ್ಲ." ಅವಳು ಎಲ್ಲವನ್ನೂ ಹೇಳಿದಳು. ಮುಖೇಶನ ಮಾತು ಎಲ್ಲಿ ಸೇರಿತು, ತಾನು ಹೇಗೆ ಎತ್ತಿಕೊಂಡೆ, ಬಾಗಿಲ ಸೆನ್ಸರ್ ಹೇಗೆ ಗ್ಯಾಸ್ ಕಂಡೂ ಸುಮ್ಮನೆ ಕಾಯಿತು. ಅಷ್ಟರಲ್ಲಿ ಗುಲಾಬಿ ಬಂದು ಮಂಚದ ಕಾಲಿನ ಬಳಿ ಒದ್ದೆ ಡಬ್ಬಿ ಹಿಡಿದು ನಿಂತಿದ್ದಳು.

ಮಾಯಿಲಪ್ಪ ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದ. "ಅದು ಸುಳ್ಳು ಹೇಳ್ತದೆ ಅಂತ ಮುಖೇಶನಿಗೆ ಹೇಳಿದ್ದು ಯಾರು?"

ಜುವೈರಿಯಾ ಗುಲಾಬಿಯ ಕಡೆ ನೋಡಿದಳು.

"ನಾನೇ ಅಲ್ವಾ?"

"ಅದು ರಿಪೇರಿಯ ಸಮಯಕ್ಕೆ ಹೇಳಿದ್ದು. ಆಗ ಅದು ಸರಿಯೇ."

"ಬಾಯಿ ಮುಚ್ಚು ಅಂತ ಹೇಳಿದ್ದು ನಾನು. ಅದು ಮುಚ್ಚಿತು. ಮುದ್ದು ಬಾಗಿಲಲ್ಲೇ ಮಲಗಿದ್ದ." ಅವನು ಮಂಚದ ಅಂಚನ್ನು ಕೈಯಲ್ಲಿ ಹುಡುಕಿ ಮೆಲ್ಲನೆ ಮಲಗಿದ. "ನೀನು ಒಳ್ಳೆಯವಳು ಮಗಾ. ಹೋಗು."

ಅವನು ಗೋಡೆಯ ಕಡೆ ತಿರುಗಿದ.

ಗುಲಾಬಿ ಡಬ್ಬಿಯನ್ನು ಕೆಳಗಿಟ್ಟು ಜುವೈರಿಯಾಳ ಮಣಿಕಟ್ಟು ಹಿಡಿದಳು. "ಬಲೆ, ಬಾ" ಎಂದಳು. "ಈ ಮಾತು ಇಲ್ಲಿ ಸಾಲದು. ಠಾಣೆಯಲ್ಲಿ ಹೇಳು."

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ನಡುವಯಸ್ಸಿನ ಮನುಷ್ಯ. ಕಂಪೆನಿಯ ವರದಿ ಆಗಲೇ ಮೇಲ್‌ನಲ್ಲಿ ಅವರ ಮೇಜಿಗೆ ಬಂದಿತ್ತು. "ನಿಮ್ಮದೇ ಕಂಪೆನಿಯ ನಿಯಾಝ್ ಅಂತ ಸೈನ್ ಹಾಕಿದ್ದಾರೆ. ಆರೋಪಿ ಕೂಡ ಒಪ್ಪಿದ್ದಾನೆ. ನೀವು ಎಂತ ಹೊಸತು ಹೇಳುದು?"

ಜುವೈರಿಯಾ ಸೆನ್ಸರಿನಿಂದ ಶುರು ಮಾಡಿದಳು. ಕಪಾಟಿನ ಮಾತು ಬಂದಾಗ ರೈಟರರ ಕಣ್ಣು ಗಡಿಯಾರದ ಕಡೆ ಹೋಯಿತು. ಅವಳು ನಿಲ್ಲಿಸಿ, ಬೇರೆ ಕಡೆಯಿಂದ ಹೇಳಿದಳು. "ಸರ್, ಮಾಯಿಲಪ್ಪಣ್ಣ ಸೈರನ್ ಬಂದ್ ಮಾಡ್ಲಿಕ್ಕೆ ಹೇಳಿದ್ದು ಜೂನಿನಲ್ಲಿ."

"ಜೂನಿನಲ್ಲಿ ಪ್ಲಾಂಟೇ ಬಂದ್ ಇರ್ತದಲ್ಲ" ಎಂದರು ರೈಟರ್. ಅವರ ಅಣ್ಣನಿಗೂ ಬೋಟ್ ಇತ್ತು. "ರಿಪೇರಿಗೆ ಎಲ್ಲರೂ ಬಂದ್ ಮಾಡ್ತಾರೆ ಆಗ."

"ಅದು ನಿಮಗೆ ಗೊತ್ತುಂಟು ಸರ್. ನಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ. ನಾವು ಹೇಳಲಿಲ್ಲ. ಅದು ಜೂನಿನ ಮಾತನ್ನು ತಂದು ಈಗಿನ ಪ್ಲಾಂಟಿಗೆ ಹಾಕಿತು. ಹಾಕು ಅಂತ ಒಪ್ಪಿದ್ದು ನಾನು."

ರೈಟರ್ ಅವಳನ್ನು ಸರಿಯಾಗಿ ನೋಡಿದ್ದು ಆಗಲೇ. "ಹೀಗೆ ಬರೆದುಕೊಂಡ್ರೆ ಕೇಸಿನಲ್ಲಿ ನಿಮ್ಮ ಹೆಸರು ಸೇರ್ತದೆ. ಮನೆಯಲ್ಲಿ ಹೇಳಿದ್ದೀರಾ?"

"ಇಲ್ಲ."

"ಅಪ್ಪ ಎಂತ ಮಾಡ್ತಾರೆ?"

"ಕಾಟಿಪಳ್ಳದಲ್ಲಿ ಅಂಗಡಿ. ಹೆಸರು ಹಸನಬ್ಬ."

"ಅವನು ಕೊಟ್ಟ ಹೇಳಿಕೆ ಹರಿದು ಹಾಕ್ಲಿಕ್ಕೆ ಬರುದಿಲ್ಲ, ಗೊತ್ತಾಯ್ತಾ? ವರದಿಯೂ ಹಾಗೇ ಇರ್ತದೆ. ನಿಮ್ಮದು ಅದರ ಜೊತೆ ಒಂದು ಆಗ್ತದೆ, ಅಷ್ಟೆ. ಕೋರ್ಟಿನವರು ಯಾವುದನ್ನು ನಂಬ್ತಾರೆ ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ."

"ಬರ್ಕೊಳ್ಳಿ ಸರ್."

ಬರೆದುಕೊಂಡರು. ಬಹಳ ಹೊತ್ತು ಹಿಡಿಯಿತು. ಗುಲಾಬಿ ಬೆಂಚಿನಲ್ಲಿ ಕುಳಿತು ಪ್ರತಿ ಮಾತಿಗೂ ತುಟಿ ಅಲ್ಲಾಡಿಸುತ್ತಿದ್ದಳು. ನಡುವೆ ಜುವೈರಿಯಾಳ ಫೋನಿಗೆ ಕಚೇರಿಯಿಂದ ಒಂದು ಸಂದೇಶ ಬಂತು: ನಾಳೆಯಿಂದ ಬರಬೇಕಾಗಿಲ್ಲ. ಅವಳು ಫೋನನ್ನು ಮಗುಚಿ ಇಟ್ಟಳು.

ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತರು. ಬಿಸಿಲು ಇಳಿದಿತ್ತು. ಗುಲಾಬಿ ಆಸ್ಪತ್ರೆಯ ಕಡೆಗೆ, ಜುವೈರಿಯಾ ಕಾಟಿಪಳ್ಳಕ್ಕೆ.

"ಇನ್ನೊಮ್ಮೆ ಹೇಳು" ಎಂದಳು ಗುಲಾಬಿ. "ದೊಡ್ಡದು ಬೇಡ. ನಂಗೆ ನೆನಪಿಡ್ಲಿಕ್ಕೆ ಆಗುವಷ್ಟು ಹೇಳು."

"ಬಾಗಿಲ ಸೆನ್ಸರಿಗೆ ಗ್ಯಾಸ್ ಕಂಡಿತ್ತು. ಅದನ್ನು ಕಾಯಲಿಕ್ಕೆ ಹಾಕಿದ್ದು ನಾವು. ಮಾಯಿಲಪ್ಪಣ್ಣ ಸ್ವಿಚ್ ಎಳೆದದ್ದು ಮುದ್ದುವನ್ನು ಉಳಿಸ್ಲಿಕ್ಕೆ."

ಗುಲಾಬಿ ತುಳುವಿನಲ್ಲಿ ಅದನ್ನು ಒಮ್ಮೆ ಹೇಳಿ ನೋಡಿದಳು. ಮಧ್ಯದ ಮಾತು ಬಿಟ್ಟು ಹೋಯಿತು. ಜುವೈರಿಯಾ ಸರಿಮಾಡಿದಳು. ಗುಲಾಬಿ ಮತ್ತೆ ಹೇಳಿದಳು. ಈ ಸಲ ಪೂರ್ತಿ ಬಂತು.

"ಇವರು ನಂಬುದಿಲ್ಲ ಇವತ್ತು" ಎಂದಳು. "ನಾಳೆ ಹೇಳ್ತೇನೆ. ಗಂಜಿ ಕೊಡುವಾಗ ಹೇಳ್ತೇನೆ, ಮಾತ್ರೆ ಕೊಡುವಾಗ ಹೇಳ್ತೇನೆ. ನಳ್ಳಿಯ ಹತ್ತಿರ ಮುದ್ದುವಿನ ಅಮ್ಮನಿಗೂ ಹೇಳ್ತೇನೆ, ಅವರು ಒಳಗೆ ಹೋದ್ರೆ ಬಾಗಿಲಿಗೆ ಹೇಳ್ತೇನೆ."

ಬಸ್ ಬಂತು. ಜನ ತುಂಬಿದ್ದರು. ಗುಲಾಬಿ ಹಿಂದಿನ ಬಾಗಿಲಿನಲ್ಲಿ ಹತ್ತಿ ಕಂಬಿ ಹಿಡಿದು ನಿಂತಳು. ಅವಳ ತುಟಿ ಆಗಲೇ ಅಲ್ಲಾಡುತ್ತಿತ್ತು.